ಟೀ ಮಾಡಲು ಎದ್ದು ಹೋದ ಹೊತ್ತು

ಋಷಿಮೂಲ, ನದಿಮೂಲ ಕೇಳಬಾರದು ಎಂದು ಹಿರಿಯರು ಹೇಳಿದ್ದಾರೆ. ತನುಜಾಳಿಗೆ ಸಂಬಳ ಬರುತ್ತಿದ್ದುದೇ ಮೂಲ ಕೇಳುವುದಕ್ಕೆ. ಹಿರಿಯರ ಮಾತು ಹೊಟ್ಟೆಪಾಡಿಗೆ ಅಡ್ಡ ಬಂದಾಗ ಜನ ಹೊಟ್ಟೆಪಾಡಿನ ಕಡೆಗೇ ನಿಲ್ಲುತ್ತಾರೆ. ಅವಳೂ ನಿಂತಿದ್ದಳು.

ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಕಚೇರಿ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆಮಠ ಕಳೆದುಕೊಂಡವರ ನೆನಪುಗಳನ್ನು ಕೂಡಿಡುವ ಸಣ್ಣ ಸಂಸ್ಥೆ ಅದು. ಮುದುಕ ಮುದುಕಿಯರ ಮಾತನ್ನು ಮನೆಮನೆಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಹಳೆಯ ಅರ್ಜಿಗಳು, ಮುಳುಗಿದ ಶಾಲೆಗಳ ಹಾಜರಿ ಪುಸ್ತಕಗಳು ಎಲ್ಲವೂ ಇದ್ದವು. ಅಷ್ಟನ್ನೂ ಕಂಪ್ಯೂಟರಿಗೆ ತುಂಬಿ, ಎರಡು ವರ್ಷದ ಹಿಂದೆ ಊರವರಿಗೆಲ್ಲ ಒಂದು ಫೋನ್ ನಂಬರು ಕೊಟ್ಟರು. ಆ ನಂಬರಿಗೆ ಫೋನು ಮಾಡಿ ಏನು ಬೇಕಾದರೂ ಕೇಳಬಹುದು. ಎಐ ಎನ್ನುವುದು ಆ ರಾಶಿಯನ್ನೆಲ್ಲ ಜಾಲಾಡಿ, ಹೆಂಗಸಿನ ದನಿಯಲ್ಲಿ ಉತ್ತರ ಹೇಳಿ, ಕೊನೆಗೆ ‘ಮೂಲ: ಧ್ವನಿ ಇಂತಿಷ್ಟು’ ಎಂದು ಒಂದು ಸಂಖ್ಯೆ ಸೇರಿಸುತ್ತದೆ. ಜನ ಅದಕ್ಕೆ ‘ಫೋನಜ್ಜಿ’ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಫೋನಜ್ಜಿಯ ಉತ್ತರ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಆ ಸಂಖ್ಯೆ ಹಿಡಿದು ಹಿಂದೆ ಹಿಂದೆ ಹೋಗಿ ಮೂಲ ಕಾಗದವನ್ನೋ ಧ್ವನಿಯನ್ನೋ ಅವರ ಮುಂದಿಡಬೇಕು. ಅದು ತನುಜಾಳ ಕೆಲಸ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಸಂಸ್ಥೆ ನಡೆಸುವ ಶ್ರೀಕಾಂತ ಸರ್ ದಿನಕ್ಕೆರಡು ಸಲ ಹೇಳುತ್ತಿದ್ದರು, ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಮಾತ್ರೆ ನುಂಗಿದ ಹಾಗೆ.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ರೆಕಾರ್ಡು ಕೇಳಿ ಅಕ್ಷರಕ್ಕೆ ಇಳಿಸುವಾಗ, ಮಾತಾಡುವವರು ‘ಇದನ್ನ ಬರ್ಕಬೇಡಿ’ ಎಂದರೆ ಅಲ್ಲಿಗೆ ಕೈ ನಿಲ್ಲಿಸಿ ಒಂದು ನಕ್ಷತ್ರ ಹಾಕಬೇಕು. ಬೇರೆ ಮಾತು ಶುರುವಾದಲ್ಲಿಂದ ಮತ್ತೆ ಬರೆಯಬೇಕು. ಅವರ ಜಗಲಿಯಲ್ಲಿ ಕೂತು ಅವರ ಮನೆಯ ಟೀ ಕುಡಿದು ಬಂದವರು ಅಷ್ಟು ಮರ್ಯಾದೆಯನ್ನೂ ಉಳಿಸಿಕೊಳ್ಳದಿದ್ದರೆ ಹೇಗೆ? ಕೆಲಸಕ್ಕೆ ಸೇರಿದ ಮೊದಲ ವರ್ಷ ತನುಜಾ ಮುನ್ನೂರು ಧ್ವನಿಗಳನ್ನು ಬರೆದಿಳಿಸಿದ್ದಳು. ನಕ್ಷತ್ರ ಬಂದಲ್ಲಿ ಬರೆಯುವುದಿರಲಿ, ಕೇಳುತ್ತಲೂ ಇರಲಿಲ್ಲ. ಸರ್ರನೆ ಮುಂದಕ್ಕೆ ಎಳೆದುಬಿಡುತ್ತಿದ್ದಳು. ಪರರ ಗುಟ್ಟಿಗೆ ಕಿವಿಗೊಡದ ಹುಡುಗಿ ತಾನು ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಹೆಮ್ಮೆ ಎಂಥದೆಂದು ಆಷಾಢದ ಒಂದು ಸೋಮವಾರ ಗೊತ್ತಾಯಿತು.

ಆ ದಿನ ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ವಯಸ್ಸು ಅರವತ್ತೇಳು, ಹೆಸರು ಪುಷ್ಪಮ್ಮ, ತೀರ್ಥಹಳ್ಳಿ ತಾಲೂಕಿನ ಅರಳಸುರಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು. ಕೈಯಲ್ಲಿ ಒಂದು ಬಟ್ಟೆ ಚೀಲ.

“ಫೋನಜ್ಜಿ ಮನೆ ಇದೇನಾ ಮಗಾ?”

“ಇದೇ ಅಮ್ಮ. ಕೂತ್ಕಳಿ. ನೀರು ಕುಡೀತೀರಾ?”

“ನೀರೆಲ್ಲ ಆಮೇಲೆ. ನಮ್ಮಣ್ಣ ಇರೋ ಊರಿನ ಹೆಸರು ಹೇಳು ಮೊದ್ಲು. ವಾಪಸ್ ಹೋಗ್ತಾ ಹೊಸನಗರದಲ್ಲಿ ಇಳ್ದು ಹೋಗ್ತೀನಿ.”

ಆಮೇಲೆ ನೀರೂ ಕುಡಿದರು, ಕತೆಯನ್ನೂ ಹೇಳಿದರು. ಅವರ ಹುಟ್ಟೂರು ತುಮರಿಯ ಹತ್ತಿರ ಇತ್ತು, ಈಗ ಹಿನ್ನೀರಿನ ಅಡಿಯಲ್ಲಿದೆ. ಊರು ಬಿಡುವಾಗ ಪುಷ್ಪಮ್ಮನಿಗೆ ಐದು ವರ್ಷ, ಅಣ್ಣ ಗಿರಿಯಪ್ಪನಿಗೆ ಹನ್ನೊಂದು. ಅಪ್ಪ, ಅವ್ವ, ಪುಷ್ಪಮ್ಮ ಒಂದು ಲಾರಿಯಲ್ಲಿ ಅರಳಸುರಳಿಗೆ ಬಂದರು. ಅಣ್ಣ ಮಾತ್ರ ದೂರದ ಸಂಬಂಧದ ಮಾವನೊಬ್ಬನ ಲಾರಿ ಹತ್ತಿ ಹೊಸನಗರದ ಕಡೆಗೆ ಹೋದ. ಹಾಗೆಂದು ಅವ್ವ ಗುತ್ಯಮ್ಮ ಹೇಳುತ್ತಿದ್ದರು.

“ಅಷ್ಟು ವರ್ಷ ನೋಡೋಕೇ ಹೋಗ್ಲಿಲ್ವಾ ಅಮ್ಮ?”

“ಆಣೆ ಆಗಿತ್ತಲ್ಲ ಮಾರಾಯ್ತಿ!”

ಮಾವನಿಗೂ ಅಪ್ಪನಿಗೂ ಜಗಳವಾಗಿ, ಒಬ್ಬರ ಹೊಸ್ತಿಲು ಒಬ್ಬರು ತುಳಿಯಬಾರದು, ಹೆಸರೂ ಎತ್ತಬಾರದು ಎಂದು ಸಿಗಂದೂರಿನ ದೇವಿಯಮ್ಮನ ಮೇಲೆ ಆಣೆಯಾಗಿತ್ತಂತೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟಿನ ತೀರ್ಪಿಗಾದರೆ ಮೇಲಿನ ಕೋರ್ಟು ಇದೆ, ಅಮ್ಮನ ಆಣೆಗೆ ಯಾವ ಕೋರ್ಟೂ ಇಲ್ಲ. ಅದು ಯಾವತ್ತು ಆಯಿತು, ಯಾರು ಸಾಕ್ಷಿ ಎಂದು ಕೇಳಿದವರಿಲ್ಲ. ಅವ್ವ ತೀರಿಕೊಂಡು ಎಂಟು ವರ್ಷವಾದ ಮೇಲೆ, ಹಿನ್ನೀರಿಗೆ ಸೇತುವೆಯೂ ಆದ ಮೇಲೆ, ಪುಷ್ಪಮ್ಮ ಹೋದ ತಿಂಗಳು ಸಿಗಂದೂರಿಗೆ ಹೋಗಿ ತಪ್ಪುಕಾಣಿಕೆ ಹಾಕಿ, ಆಣೆಯನ್ನು ಬಿಡಿಸಿಕೊಂಡು ಬಂದಿದ್ದರು. ಬಂದ ಮಾರನೆಯ ದಿನವೇ ಮಗ ರಾಜುವಿನ ಕೈಯಲ್ಲಿ ಫೋನಜ್ಜಿಗೆ ಫೋನು ಮಾಡಿಸಿದ್ದರು.

ತನುಜಾ ಆ ಉತ್ತರವನ್ನು ಪರದೆಯ ಮೇಲೆ ತೆಗೆದಳು. ‘ಗುತ್ಯಮ್ಮನವರ ಮಗ ಗಿರಿಯಪ್ಪ ಮುಳುಗಡೆಯ ಸಮಯದಲ್ಲಿ ಮಾವನ ಜೊತೆ ಹೊಸನಗರದ ಕಡೆಗೆ ಹೋಗಿ ನೆಲೆಸಿದರು. ಅವರಿಗೆ ಮದುವೆಯಾಗಿ ಇಬ್ಬರು ಗಂಡುಮಕ್ಕಳಿದ್ದಾರೆ. ಮನೆಯಲ್ಲಿ ಬೆಕ್ಕುಗಳನ್ನು ಸಾಕಿದ್ದಾರೆ. ಮೂಲ: ಧ್ವನಿ ಇನ್ನೂರ ಹದಿನಾಲ್ಕು.’

“ಬೆಕ್ಕು ಅಂತು ನೋಡು, ಅಲ್ಲಿಗೆ ನಂಗೆ ಖಾತ್ರಿ ಆತು,” ಎಂದರು ಪುಷ್ಪಮ್ಮ. “ಹೊರಡೋ ಗಡಿಬಿಡೀಲಿ ನನ್ನ ಬೆಕ್ಕಿನ ಮರಿ ಮನೇಲೇ ಉಳ್ಕಂಡಿತ್ತು. ಅಣ್ಣ ಅದನ್ನೂ ಎತ್ಕಂಡು ಲಾರಿ ಹತ್ತಿದ್ನಂತೆ. ಅವ್ವ ಹೇಳಿದ್ದೂ ಇದೇ, ಈ ಫೋನಜ್ಜಿ ಹೇಳಿದ್ದೂ ಇದೇ. ಒಬ್ರ ಮುಖ ಒಬ್ರು ನೋಡದ ಇಬ್ರು ಒಂದೇ ಮಾತು ಹೇಳಿದ್ರೆ ಸುಳ್ಳಾಗ್ತದಾ?”

ಚೀಲದಿಂದ ಒಂದು ಹೊಸ ಟವೆಲ್ಲನ್ನೂ ಸಣ್ಣ ಹಿತ್ತಾಳೆ ಗಿಂಡಿಯನ್ನೂ ತೆಗೆದು ತೋರಿಸಿದರು. ನಾಗರಪಂಚಮಿಯ ದಿನ ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಎರೆದು ‘ಬೆನ್ನು ತಣ್ಣಗಿರಲಿ’ ಎನ್ನುವುದು ಒಡಹುಟ್ಟಿದ ಹೆಣ್ಣುಮಕ್ಕಳ ಪದ್ಧತಿ. ಪುಷ್ಪಮ್ಮನಿಗೆ ಎರೆಯಲು ಬೆನ್ನಿರಲಿಲ್ಲ. ಚಿಕ್ಕವಳಿದ್ದಾಗ ಒಂದು ಪಂಚಮಿಗೆ ಅತ್ತು ರಂಪ ಮಾಡಿದ್ದಕ್ಕೆ ಅವ್ವ ಹಿತ್ತಲ ಹಲಸಿನ ಮರ ತೋರಿಸಿ, ಇದಕ್ಕೇ ಎರಿ, ಅವನಿಗೆ ಮುಟ್ಟುತ್ತದೆ ಎಂದಿದ್ದರಂತೆ. ಅಂದಿನಿಂದ ಹಲಸಿನ ಮರವೇ ಅಣ್ಣ. ಅದಕ್ಕೆ ಎರೆಯುವುದು ಹೋದ ವರ್ಷಕ್ಕೇ ಕೊನೆ ಎಂದು ಅವರು ನಕ್ಕರು. ಆ ದಿನ ಬೆಳಿಗ್ಗೆ ಬಸ್ಸು ಹೊಸನಗರದಲ್ಲಿ ಹತ್ತು ನಿಮಿಷ ನಿಂತಾಗ ಕೆಳಗಿಳಿದು, ಎಪ್ಪತ್ತು ದಾಟಿದ ಗಂಡಸರ ಮುಖವನ್ನೆಲ್ಲ ನೋಡಿಕೊಂಡು ಬಂದಿದ್ದರು. ಒಬ್ಬ, ಏನು ಬೇಕಿತ್ತು ಎಂದು ಗದರಿದನಂತೆ.

ತನುಜಾಳಿಗೂ ಹುಮ್ಮಸ್ಸು ಬಂತು. ಉತ್ತರದಿಂದ ಪುಟಕ್ಕೆ, ಪುಟದಿಂದ ಧ್ವನಿಗೆ ಹೋಗುವುದು ಎರಡು ನಿಮಿಷದ ಕೆಲಸ. ಧ್ವನಿ ಇನ್ನೂರ ಹದಿನಾಲ್ಕು: ಗುತ್ಯಮ್ಮ, ಅರಳಸುರಳಿ, ಹತ್ತು ವರ್ಷದ ಹಿಂದಿನದು. ಮೂಲ ಎಂದರೆ ಅವ್ವನೇ. ಮುಖ ನೋಡದ ಇಬ್ಬರಲ್ಲ, ಒಬ್ಬರೇ. ಪುಷ್ಪಮ್ಮನಿಗೆ ಅವ್ವ ಹೇಳಿದ್ದನ್ನೇ ಫೋನಜ್ಜಿ ಪುಷ್ಪಮ್ಮನಿಗೆ ತಿರುಗಿ ಹೇಳಿತ್ತು. ಪುಟದ ಕೆಳಗೆ ಬರೆದಿಳಿಸಿದವರ ಹೆಸರು ತನುಜಾ ಎಂದೇ ಇತ್ತು. ಬೆಕ್ಕಿನ ಮಾತು ಮುಗಿದ ಕೂಡಲೇ ಒಂದು ನಕ್ಷತ್ರ.

“ಕೂತಿರಿ ಅಮ್ಮ, ಬಂದೆ,” ಎಂದು ಅವಳು ಒಳಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು. ನಾಲ್ಕು ವರ್ಷದ ಹಿಂದೆ ಎಳೆದುಬಿಟ್ಟಿದ್ದ ಜಾಗದಲ್ಲಿ ಈ ಸಲ ಎಳೆಯಲಿಲ್ಲ.

ಮೊದಲು ಪುಷ್ಪಮ್ಮನದೇ ದನಿ ಕೇಳಿಸಿತು, ಹತ್ತು ವರ್ಷ ಚಿಕ್ಕದು. “ಮಾತಾಡ್ತಿರಿ, ಟೀ ಮಾಡ್ಕಂಡು ಬರ್ತೀನಿ.” ಹೆಜ್ಜೆಗಳು ದೂರವಾದವು. ಆಮೇಲೆ ಗುತ್ಯಮ್ಮ ದನಿ ತಗ್ಗಿಸಿದರು.

“ಹೋದ್ಲಾ? ಇದನ್ನ ಬರ್ಕಬೇಡಿ ಮತ್ತೆ. ಗಿರಿಯ ಇಲ್ಲ. ಅವತ್ತೇ ಹೋದ. ನಾವೆಲ್ಲ ದಿಬ್ಬದ ಮೇಲೆ ಲಾರಿ ಕಾಯ್ತಾ ಇದ್ವಿ. ಅಂಗಳದಾಗೆ ಮೊಣಕಾಲುದ್ದ ನೀರು. ಇವಳು ಬೆಕ್ಕಿನ ಮರಿ ಬೇಕು ಅಂತ ಒಂದೇ ಸಮ ಅತ್ಲು. ‘ತಂದ್ಕೊಡ್ತೀನಿ, ಸುಮ್ನಿರೇ’ ಅಂತ ಹುಡುಗ ಇಳ್ದು ಹೋದ. ಮಣ್ಣಿನ ಗೋಡೆ, ನೀರು ಕುಡ್ಕಂಡು ನಿಂತಿತ್ತು. ಅವನು ಒಳಗೆ ಕಾಲಿಟ್ಟಿದ್ದೇ ಬಿತ್ತು. ನಂಗೆ ಕಾಣ್ತಿತ್ತು. ಇವಳ ಮುಖ ಸೆರಗಲ್ಲಿ ಮುಚ್ಚಿಬಿಟ್ಟೆ. ಐದು ವರ್ಷದ್ದು. ನಾ ಕೇಳಿದ್ದಕ್ಕೆ ಅಣ್ಣ ಸತ್ತ ಅಂತ ಗೊತ್ತಾದ್ರೆ ಅದು ಬಾಳ್ತದಾ? ಮಾವನ ಲಾರೀಲಿ ಹೋದ ಅಂದೆ. ಬೆಕ್ಕೂ ಹೋತು ಅಂದೆ. ಅವಳು ಕೇಳ್ತಾ ಕೇಳ್ತಾ ದೊಡ್ಡೋಳಾದ್ಲು, ನಾನು ಹೇಳ್ತಾ ಹೇಳ್ತಾ ಅವನಿಗೆ ಮದುವೆ ಮಾಡ್ದೆ, ಮಕ್ಕಳು ಕೊಟ್ಟೆ. ವರ್ಷಕ್ಕೊಂದು ಸೇರಿಸ್ತಾ ಬಂದೆ. ಹುಡುಕ್ಕಂಡು ಹೊರಟಾಳು ಅಂತ ಅಮ್ಮನ ಹೆಸರಲ್ಲಿ ಸುಳ್ಳಾಣೆ ಹೇಳ್ದೆ. ಅಮ್ಮ ನಂಗೆ ಎಂತ ಶಿಕ್ಷೆ ಬೇಕಾದ್ರೂ ಕೊಡ್ಲಿ. ಒಂದೊಂದು ಸಲ ನಂಗೇ ಅನ್ಸ್ತದೆ, ಅಂವ ಅಲ್ಲೇ ಎಲ್ಲೋ ಇದಾನೆ ಅಂತ. ಬಂದ್ಲು, ಬಂದ್ಲು. ಸುಮ್ನಿರಿ.”

ಲೋಟಗಳ ಸದ್ದಾಯಿತು. ಗುತ್ಯಮ್ಮ ದನಿಯೇರಿಸಿ, ಸಕ್ಕರೆ ಕಡಿಮೆ ಆಯಿತು ಎಂದು ಮಗಳನ್ನು ಬೈದರು.

ತನುಜಾ ಹೆಡ್‌ಫೋನ್ ತೆಗೆದಳು. ಅವಳಿಗೆ ಅಳು ಬರಲಿಲ್ಲ, ತನ್ನ ಮೇಲೇ ಸಿಟ್ಟು ಬಂತು. ಮರ್ಯಾದೆ, ಮರ್ಯಾದೆ ಎಂದು ನಿಜವನ್ನು ಹೊರಗಿಟ್ಟು ಸುಳ್ಳನ್ನು ಮಾತ್ರ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟವಳು ತಾನು. ಯಂತ್ರ ಬಿಡಿ, ಅದು ಕೊಟ್ಟದ್ದನ್ನು ತಿಂದು ತಿಂದದ್ದನ್ನು ಹೇಳಿತು. ಸಿಗಂದೂರಿನವರೆಗೆ ಹೋಗಿ ಇಲ್ಲದ ಆಣೆಯನ್ನು ಬಿಡಿಸಿಕೊಂಡು ಬಂದ ಹೆಂಗಸು ಹೊರಗೆ ಟವೆಲ್ ಮಡಚುತ್ತ ಕೂತಿದ್ದರು.

ಅವಳು ಶ್ರೀಕಾಂತ ಸರ್‌ಗೆ ಕೇಳಿಸಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

“ಮೂಲ ಕೇಳಿದವರಿಗೆ ಮೂಲ ಕೊಡ್ತೀವಿ ಅನ್ನೋದೂ ನಮ್ಮ ಮಾತೇ. ಬರ್ಕಬೇಡಿ ಅಂದದ್ದನ್ನ ಮುಟ್ಟಲ್ಲ ಅನ್ನೋದೂ ನಮ್ಮ ಮಾತೇ. ನಂಗೆ ತಿಳೀತಿಲ್ಲ ತನುಜಾ. ನೀನೇ ನೋಡು.”

ಗಾದೆ ಹೇಳುವವರ ಹಣೆಬರಹವೇ ಇಷ್ಟು, ಬೇಕಾದ ಹೊತ್ತಿಗೆ ಒಂದೂ ಒದಗುವುದಿಲ್ಲ. ನಕ್ಷತ್ರದವರೆಗೆ ಕೇಳಿಸಿ ನಿಲ್ಲಿಸುವುದು, ಊರಿನ ಹೆಸರು ದಾಖಲೆಯಲ್ಲಿಲ್ಲ ಎಂದು ಕಳಿಸಿಬಿಡುವುದು ಎಂದು ಅವಳು ನಿಶ್ಚಯ ಮಾಡಿಕೊಂಡು ಹೊರಗೆ ಬಂದಳು. ಮಾತು ಸುಳ್ಳೂ ಅಲ್ಲವಲ್ಲ.

ಗುತ್ಯಮ್ಮನ ದನಿ ಕೇಳಿದ್ದೇ ಪುಷ್ಪಮ್ಮ ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡರು. “ಅಯ್ಯೋ ನಮ್ಮವ್ವ! ಇದು ನಮ್ಮನೆ ಜಗಲೀಲಿ ಮಾತಾಡಿದ್ದು! ಸಾಗರದವರು ಬಂದಿದ್ರು, ಹೌದು ಹೌದು.” ಅಣ್ಣನ ಮದುವೆ, ಮಕ್ಕಳು, ಬೆಕ್ಕು ಎಲ್ಲದಕ್ಕೂ ತಲೆಯಾಡಿಸಿದರು. ತಮ್ಮದೇ ದನಿ ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ತನುಜಾ ಅಲ್ಲಿಗೆ ನಿಲ್ಲಿಸಿದಳು.

“ಅಷ್ಟೇ ಅಮ್ಮ. ಊರಿನ ಹೆಸರು ಹೇಳಿಲ್ಲ.”

ಪುಷ್ಪಮ್ಮನಿಗೆ ಓದು ಅಷ್ಟಕ್ಕಷ್ಟೇ, ಕಣ್ಣು ಚುರುಕು. “ಪರದೆ ಮೇಲೆ ಆ ಗೆರೆ ಇನ್ನೂ ಉದ್ದ ಇದೆಯಲ್ಲ ಮಗಾ?”

“ಅಲ್ಲಿಂದ ಮುಂದೆ ಬರ್ಕಬೇಡಿ ಅಂದಿದಾರೆ ನಿಮ್ಮವ್ವ.”

“ಅಂದಿರೋದು ನಿಮಗೆ. ನಾ ಮಗಳು ಅಲ್ದಾ? ಆಣೆ ಇತ್ತಲ್ಲ, ಅದ್ಕೆ ನನ್ನೆದುರು ಹೇಳದೆ ಟೀಗೆ ಕಳಿಸಿ ಊರಿನ ಹೆಸರು ಹೇಳಿರ್ತಾಳೆ. ಹಾಕು.”

“ಬೇಡಮ್ಮ.”

“ಹಾಕು ಮಗಾ. ಕೈ ಮುಗೀತೀನಿ.”

ಮುಗಿದೇಬಿಟ್ಟರು. ಅಷ್ಟು ವಯಸ್ಸಾದವರು ಕೈ ಮುಗಿದ ಮೇಲೆ ತನುಜಾ ಏನು ಮಾಡಿಯಾಳು? ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಅದು ಅವಳಿಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಅವ್ವ ಹೇಳುತ್ತ ಹೋದರು. ಪುಷ್ಪಮ್ಮನ ನಗು ಒಂದೇ ಸಲ ಹೋಗಲಿಲ್ಲ. ಗೋಡೆ ಬಿತ್ತು ಎನ್ನುವವರೆಗೂ ತುಟಿಯಲ್ಲಿ ಅದರ ಚೂರು ಉಳಿದಿತ್ತು, ತೆಗೆಯಲು ಮರೆತ ಹಾಗೆ. ಸಕ್ಕರೆಯ ಬೈಗುಳ ಮುಗಿದ ಮೇಲೆ ಬಹಳ ಹೊತ್ತು ಅವರು ಗಿಂಡಿಯ ಮೂತಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ಕೆಳಗೆ ಬಸ್ಸಿನವನು ಶಿವಮೊಗ್ಗ, ಶಿವಮೊಗ್ಗ ಎಂದು ಕೂಗುತ್ತಿದ್ದ.

“ಅವತ್ತೂ ನಾ ಕೇಳ್ದೆ, ಹೋದ,” ಎಂದರು. “ಇವತ್ತೂ ನಾನೇ ಕೇಳ್ದೆ. ಮತ್ತೆ ಹೋದ.”

ತನುಜಾ ಅವರ ಕೈ ಹಿಡಿದುಕೊಂಡಳು. ಅವಳಿಗೇ ಅಳು ಒತ್ತರಿಸಿ ಬಂತು. ಪುಷ್ಪಮ್ಮ ಅಳಲಿಲ್ಲ. ಅರವತ್ತೆರಡು ವರ್ಷ ಬದುಕಿದ್ದ ಅಣ್ಣ ಈಗ ಐದು ನಿಮಿಷದ ಹಿಂದೆ ಸತ್ತಿದ್ದ, ಅದೂ ಹನ್ನೊಂದು ವರ್ಷದ ಹುಡುಗನಾಗಿ. ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು, ಬೆಕ್ಕುಗಳು ಎಲ್ಲರೂ ಅವನ ಜೊತೆಗೇ ಹೋಗಿದ್ದರು. ಇಷ್ಟು ಜನಕ್ಕೆ ಒಂದೇ ಸಲ ಹೇಗೆ ಅಳುವುದು?

ಏಳುವಾಗ ಅವರು ಕೇಳಿದರು: “ಇನ್ನು ಯಾರಾದ್ರೂ ಕೇಳಿದ್ರೆ ಫೋನಜ್ಜಿ ಹಳೇದನ್ನೇ ಹೇಳ್ತದಾ?”

“ನೀವು ಹೇಳಿದ ಹಾಗೆ ಮಾಡ್ತೀನಿ ಅಮ್ಮ.”

“ತಿದ್ದು. ಅಂವ ಸತ್ತ ಅಂತ ಒಂದು ಕಡೆಯಾದ್ರೂ ಬರೆದಿರ್ಲಿ. ಸಾವಿಗೂ ಒಂದು ಲೆಕ್ಕ ಬೇಡ್ವಾ ಹುಡುಗನಿಗೆ?”

ಗಿಂಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಟವೆಲ್ ಕುರ್ಚಿಯ ಮೇಲೆಯೇ ಉಳಿಯಿತು. ತನುಜಾ ಅದನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಓಡಿದಳು, ಬಸ್ಸು ಹೊರಟುಹೋಗಿತ್ತು.

ಮಾರನೆಯ ದಿನವೇ ಅವಳು ನಕ್ಷತ್ರ ಅಳಿಸಿ, ಗುತ್ಯಮ್ಮನ ಮಾತನ್ನು ಒಂದಕ್ಷರ ಬಿಡದೆ ಬರೆದಳು. ಹಳೆಯ ಭಾಗದ ಮೇಲೆ ‘ಇದು ಮಗಳ ಸಮಾಧಾನಕ್ಕೆ ಹೇಳಿದ್ದು, ನಿಜವಲ್ಲ’ ಎಂದು ಗುರುತು ಹಾಕಿದಳು. ಶ್ರೀಕಾಂತ ಸರ್ ಎರಡು ಸಲ ಓದಿ ಸರಿಯಿದೆ ಎಂದರು.

ಶ್ರಾವಣ ಬಂತು. ನಾಗರಪಂಚಮಿಯ ದಿನ ಕಚೇರಿಗೆ ರಜೆ. ಮರುದಿನ ಬೆಳಿಗ್ಗೆ ಎಂದಿನಂತೆ ತನುಜಾ ಹಿಂದಿನ ದಿನ ಬಂದ ಪ್ರಶ್ನೆಗಳ ಪಟ್ಟಿ ತೆರೆದಳು. ಒಂದೇ ನಂಬರಿನಿಂದ ನಾಲ್ಕು ಕರೆಗಳಿದ್ದವು. ಅರಳಸುರಳಿಯ ನಂಬರು.

‘ನಮ್ಮಣ್ಣ ಗಿರಿಯಪ್ಪ ಎಲ್ಲಿದಾನೆ?’ ಎಂಬುದು ಮೊದಲನೆಯದು. ಫೋನಜ್ಜಿ ತನ್ನ ಮೆತ್ತಗಿನ ದನಿಯಲ್ಲಿ ಹೇಳಿತ್ತು: ‘ಗಿರಿಯಪ್ಪ ಹನ್ನೊಂದನೇ ವಯಸ್ಸಿನಲ್ಲಿ, ತಂಗಿ ಕೇಳಿದ ಬೆಕ್ಕಿನ ಮರಿಯನ್ನು ತರಲು ಹೋಗಿ, ಗೋಡೆ ಕುಸಿದು ತೀರಿಕೊಂಡರು. ಮೂಲ: ಧ್ವನಿ ಇನ್ನೂರ ಹದಿನಾಲ್ಕು.’

ಎರಡನೆಯದು, ಮೂರು ನಿಮಿಷ ಬಿಟ್ಟು: ‘ಹೊಸನಗರದ ಗಿರಿಯಪ್ಪ, ಇಬ್ಬರು ಗಂಡುಮಕ್ಕಳು ಇರೋನು, ಅವನ ಬಗ್ಗೆ ಹೇಳು.’ ಉತ್ತರ: ‘ಆ ಮಾಹಿತಿ ನಿಜವಲ್ಲ ಎಂದು ದಾಖಲೆಯಲ್ಲಿದೆ. ಮೂಲ: ಧ್ವನಿ ಇನ್ನೂರ ಹದಿನಾಲ್ಕು.’

ಮೂರನೆಯದು: ‘ನಮ್ಮವ್ವ ಮೊದಲು ಎಂತ ಹೇಳಿದ್ಲು, ಅದನ್ನೇ ಇನ್ನೊಂದ್ಸಲ ಹೇಳು.’ ಮತ್ತೆ ಅದೇ ಉತ್ತರ.

ನಾಲ್ಕನೆಯದು: ‘ಬೆಕ್ಕು ಎಷ್ಟಿದಾವೆ?’ ‘ಈ ಬಗ್ಗೆ ದಾಖಲೆ ಇಲ್ಲ.’

ನಾಲ್ಕೂ ಉತ್ತರ ಸರಿ. ಮೂರಕ್ಕೆ ಮೂಲವೂ ಗಟ್ಟಿ. ಒಂದೊಂದರ ಮುಂದೆಯೂ ಅವಳು ‘ಸರಿ’ ಎಂದು ಗುರುತು ಹಾಕಬೇಕಿತ್ತು. ಹಾಕಲು ಕೈ ಬರಲಿಲ್ಲ. ಟವೆಲ್ ಇನ್ನೂ ಅವಳ ಮೇಜಿನ ಖಾನೆಯಲ್ಲಿತ್ತು. ಅವಳು ಆ ನಂಬರಿಗೆ ಫೋನು ಮಾಡಿದಳು.

“ಪುಷ್ಪಮ್ಮಾ, ನಾನು ತನುಜಾ. ಸಾಗರದಿಂದ.”

“ಹೂಂ,” ಎಂದರು ಪುಷ್ಪಮ್ಮ. “ಹಾಲು ತಗಂಡು ಹಲಸಿನ ಮರದ ಹತ್ರ ಹೋದೆ ಮಗಾ. ಎರೆಯೋಕೆ ಆಗ್ಲಿಲ್ಲ. ಯಾರಿಗೆ ಅಂತ ಎರೀಲಿ?”

ತನುಜಾಳ ಎದುರಿಗೆ ಗೋಡೆಯ ತುಂಬ ಫೈಲುಗಳಿದ್ದವು, ಒಂದೊಂದರ ಬೆನ್ನಿಗೂ ಸಂಖ್ಯೆ. ಅವಳು ಅವುಗಳ ಕಡೆಯಿಂದ ಕಿಟಕಿಯ ಕಡೆಗೆ ತಿರುಗಿ ಕೂತಳು.

“ಅಮ್ಮ, ಗಿರಿಯಪ್ಪಣ್ಣ ಚೆನ್ನಾಗಿದಾರೆ,” ಎಂದಳು. “ಹೊಸನಗರದ ಕಡೆ. ಮೊನ್ನೆ ಅವರ ಮನೆ ಬೆಕ್ಕು ಮರಿ ಹಾಕ್ತಂತೆ.”

ಬೈಯುತ್ತಾರೆ, ಇಲ್ಲ ಫೋನು ಇಟ್ಟುಬಿಡುತ್ತಾರೆ ಎಂದುಕೊಂಡಳು.

“ಎಷ್ಟು ಮರಿ?” ಎಂದರು ಪುಷ್ಪಮ್ಮ.

“ಮೂರು.”

“ಯಾರು ಹೇಳಿದ್ದು?”

“ನಿಮ್ಮವ್ವ,” ಎಂದಳು ತನುಜಾ.

ಆಗ ಪುಷ್ಪಮ್ಮ ಅತ್ತರು. ಐದು ವರ್ಷದ ಹುಡುಗಿ ಬೆಕ್ಕಿನ ಮರಿಗಾಗಿ ಒಂದೇ ಸಮ ಅತ್ತ ಹಾಗೆ ಅತ್ತರು. ತನುಜಾ ಫೋನು ಇಡದೆ, ಅದು ಮುಗಿಯುವವರೆಗೂ ಕೇಳುತ್ತ ಕೂತಳು.